ಮೂರನೆಯ ಪ್ರಕಟಣೆ

ಎದ್ದು ನಿಲ್ಲಬಾರದು ಎಂದು ಶಿವರಂಜಿನಿ ತನ್ನ ಮೊಣಕಾಲುಗಳಿಗೆ ಹೇಳುತ್ತಿದ್ದಳು. ದೇವರ ಜೊತೆ ಮಾತಾಡಲೆಂದೇ ಭಾನುವಾರ ಬೆಳಗ್ಗೆ, ಹಾಲು ಒಲೆಗಿಡುವ ಮೊದಲೇ, ಅಡುಗೆಮನೆಯ ಸಣ್ಣ ಮೇಜಿನ ಮುಂದೆ ಬಂದು ಕೂತಿದ್ದಳು. ಕಣ್ಣು ಮುಚ್ಚಿದ್ದಳು, ಕೈ ಜೋಡಿಸಿದ್ದಳು. ಆದರೆ ಬಾಯಿಂದ ಹೊರಟ ಮಾತು ಮೇಲಕ್ಕೆ ಹೋಗದೆ ಕೆಳಕ್ಕೆ, ನೈಟಿಯೊಳಗೆ ತಣ್ಣಗೆ ಒಂದಕ್ಕೊಂದು ಒತ್ತಿಕೊಂಡಿದ್ದ ಮೊಣಕಾಲುಗಳಿಗೆ ಹೋಗುತ್ತಿತ್ತು. ನಿಲ್ಲಬೇಡಿ. ಇವತ್ತೊಂದು ದಿನ ಬೆಂಚಿಗೆ ಅಂಟಿಕೊಂಡಿರಿ. ಇವತ್ತು ಚರ್ಚಿನಲ್ಲಿ ಅವಳ ಮದುವೆಯ ಪ್ರಕಟಣೆಯನ್ನು ಮೂರನೆಯ ಸಲ, ಕೊನೆಯ ಸಲ ಓದುತ್ತಾರೆ. ಮೂರು ಭಾನುವಾರ ಓದಬೇಕು, ಮೂರು ಭಾನುವಾರವೂ ಸಭೆಯನ್ನು ಕೇಳಬೇಕು, ಅದು ಪದ್ಧತಿ. ಈ ಇಬ್ಬರು ಕೂಡಿ ಬಾಳುವುದಕ್ಕೆ ಯಾರದಾದರೂ ಆಕ್ಷೇಪಣೆ ಇದ್ದರೆ ಎದ್ದು ಹೇಳಬಹುದು ಎಂದು ಪಾದ್ರಿ ಅಯ್ಯನವರು ಓದುತ್ತಾರೆ, ಕನ್ನಡಕದ ಮೇಲಿನಿಂದ ಬೆಂಚುಗಳ ಸಾಲನ್ನು ಒಮ್ಮೆ ನೋಡುತ್ತಾರೆ, ಹಾಳೆ ಮಡಿಸುತ್ತಾರೆ. ನೋಡುವುದಕ್ಕೂ ಮಡಿಸುವುದಕ್ಕೂ ನಡುವೆ ಒಂದು ಮೌನ ಇರುತ್ತದೆ. ಉಳಿದವರಿಗೆ ಅದು ಕೆಮ್ಮುವುದಕ್ಕೆ, ಸೆರಗು ಸರಿಮಾಡಿಕೊಳ್ಳುವುದಕ್ಕೆ, ಪರ್ಸಿನಲ್ಲಿ ಕಾಣಿಕೆಯ ನೋಟು ತಡಕುವುದಕ್ಕೆ ಸಿಕ್ಕುವ ಬಿಡುವು. ಆ ಬಿಡುವಿನಲ್ಲಿ ಚಾಮರಾಜಪೇಟೆಯ ಆ ಚರ್ಚಿನಲ್ಲಿ ಯಾರೂ ಎದ್ದು ನಿಂತದ್ದಿಲ್ಲ. ಬಹಳ ವರ್ಷದ ಹಿಂದೆ ಒಬ್ಬಳು ನಿಂತಿದ್ದಳು. ಕಾಲೇಜು ಮುಗಿಸಿ ಎರಡು ವರ್ಷವಾಗಿದ್ದ ಶಿವರಂಜಿನಿ, ತನ್ನದೇ ಮದುವೆಗೆ ಆಕ್ಷೇಪಣೆ ಇದೆ ಎಂದು.

ಹುಡುಗ ಒಳ್ಳೆಯವನು. ಅದೇ ಚರ್ಚಿನ ವಿಮಲಾ ಟೀಚರ ತಮ್ಮ; ಅವಳನ್ನು ಕಂಡರೆ ಕಿವಿ ಕೆಂಪಾಗುತ್ತಿದ್ದವನು. ಆರಾಧನೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಹಿರಿಯರೆಲ್ಲ ಸುತ್ತ ಕೂತು, ಹೇಳಮ್ಮ, ಏನು ಆಕ್ಷೇಪಣೆ, ಹುಡುಗನದೇನಾದರೂ ತಪ್ಪಿದೆಯೇ ಎಂದು ಕೇಳಿದಾಗ ಅವಳಿಗೆ ಏನೂ ಸಿಗಲಿಲ್ಲ. ನನಗೇ ಮೂರ್ಛೆ ರೋಗ ಇದೆ ಎಂದುಬಿಟ್ಟಳು. ಸುಳ್ಳು. ಬಾಗಿಲ ಬಳಿ ನಿಂತಿದ್ದ ಅಪ್ಪ ಅದು ಸುಳ್ಳೆಂದು ಗೊತ್ತಿದ್ದೂ ಬಾಯಿಬಿಡಲಿಲ್ಲ. ಚರ್ಚಿನ ಹಾರ್ಮೋನಿಯಂ ನುಡಿಸುತ್ತಿದ್ದವನು ಅವನು. ಅವಳ ದೀಕ್ಷಾಸ್ನಾನದ ದಿನ ಅಂದಿನ ಅಯ್ಯನವರು, ‘ಶಿವ ಯಾಕಪ್ಪಾ ಬೇಕಿತ್ತು ಹೆಸರಲ್ಲಿ?’ ಎಂದಾಗ, ‘ಅದು ರಾಗ ಅಯ್ಯನವರೇ, ನಿಮಗೆ ಕೇಳಿಸದಿದ್ದರೆ ನಾನೇನು ಮಾಡ್ಲಿ’ ಎಂದು ವಾದಿಸಿ, ಹಿಂದೆ ಗ್ರೇಸ್ ಎಂದು ಸೇರಿಸಿ ರಾಜಿಯಾದವನು. ಅಷ್ಟು ವಾದಿಸಬಲ್ಲವನು ಆ ದಿನ ಮನೆಗೆ ನಡೆಯುತ್ತಾ ಒಂದೇ ಕೇಳಿದ, ‘ಯಾಕ್ ಕಂದ, ಅಷ್ಟು ಚೆನ್ನಾಗಿತ್ತಲ್ಲ?’ ಅಷ್ಟು ಚೆನ್ನಾಗಿತ್ತು, ಅದಕ್ಕೇ. ಅದನ್ನು ಯಾವ ಅಪ್ಪನಿಗೆ ಹೇಳುವುದು? ಖಾಯಂ ಆಗುವ ವಾರದಲ್ಲೇ ಮೇಲಿನವರ ಜೊತೆ ಜಗಳ ತೆಗೆದು ಬಿಟ್ಟ ಕೆಲಸ, ಸಲಿಗೆ ಬೆಳೆಯುತ್ತಿದ್ದ ಗೆಳತಿಗೆ ಕಾರಣವಿಲ್ಲದೆ ಆಡಿದ ಚುಚ್ಚುಮಾತು, ಎಲ್ಲದಕ್ಕೂ ಅದೇ ಕಾರಣ, ಅಷ್ಟು ಚೆನ್ನಾಗಿತ್ತು. ಕುಡುಕನೆಂದು ಇಡೀ ಬೀದಿಗೆ ಗೊತ್ತಿದ್ದವನನ್ನು ರಿಜಿಸ್ಟ್ರಾರ್ ಆಫೀಸಿನಲ್ಲಿ ಕಟ್ಟಿಕೊಂಡಾಗ ಮಾತ್ರ ಮೊಣಕಾಲು ಅಲುಗಲಿಲ್ಲ. ಕೆಟ್ಟದ್ದಕ್ಕೆ ಅವಳೊಳಗೆ ಆಕ್ಷೇಪಣೆ ಏಳುತ್ತಲೇ ಇರಲಿಲ್ಲ. ಅವನು ಕುಡಿದು ಲಿವರ್ ಹಾಳಾಗಿ ಸತ್ತಾಗ ಮಗಳು ಆರಾಧನಾ ಪ್ರೈಮರಿ ಶಾಲೆಯಲ್ಲಿದ್ದಳು.

ಶಿವರಂಜಿನಿಯೊಳಗೆ ಒಬ್ಬಳಿದ್ದಾಳೆ. ಕೂಗುವವಳಲ್ಲ, ಬೈಯುವವಳೂ ಅಲ್ಲ. ಸಾವಿನ ಮನೆಗೆ ಮೊದಲು ಬಂದು ಕೊನೆಗೆ ಹೋಗುವ ನೆಂಟಳ ಹಾಗೆ, ಹಿತವಾಗಿ, ಕೆನ್ನೆಯ ಹತ್ತಿರ ಬಾಯಿ ತಂದು ಮಾತಾಡುತ್ತಾಳೆ. ಅವರಾಗಿಯೇ ಬೇಡ ಅನ್ನುವ ಮೊದಲು ನೀನೇ ಬೇಡ ಅಂದುಬಿಡು, ಮರ್ಯಾದೆ ಉಳಿಯುತ್ತೆ. ಬೀಳುವುದು ಹೇಗೂ ಖಂಡಿತ, ನೀನೇ ಬೀಳಿಸಿದರೆ ನೋವು ಕಡಿಮೆ. ಬಹಳ ವರ್ಷ ಶಿವರಂಜಿನಿ ಅದನ್ನು ತನ್ನದೇ ಬುದ್ಧಿ ಎಂದುಕೊಂಡಿದ್ದಳು, ಜಾಣತನ ಎಂದೂ. ಅಲ್ಲವೆಂದು ಗೊತ್ತಾದದ್ದು ಆರಾಧನಾ ಅಂತರ ಕಾಲೇಜು ಚರ್ಚಾಸ್ಪರ್ಧೆಯ ಫೈನಲ್ ದಿನ ಹೊಟ್ಟೆನೋವೆಂದು ಮುಸುಕು ಹೊದ್ದು ಮಲಗಿದಾಗ. ಹಣೆ ಮುಟ್ಟಿದರೆ ತಣ್ಣಗಿತ್ತು. ನಿಜ ಹೇಳೇ ಎಂದು ಮುಸುಕು ಎಳೆದರೆ, ಹುಡುಗಿ ಗೋಡೆ ಕಡೆ ತಿರುಗಿ, ‘ಗೆದ್ಬಿಟ್ರೆ ಆಮೇಲೆ ಏನಮ್ಮ ಮಾಡೋದು?’ ಎಂದಳು. ತನ್ನ ಮಾತನ್ನು ಮಗಳ ಬಾಯಲ್ಲಿ ಕೇಳಿದಾಗ ಕಾಲಡಿಯ ರೆಡ್ ಆಕ್ಸೈಡ್ ನೆಲ ಕೂಡ ಮೆತ್ತಗಾದಂತೆ ಅನ್ನಿಸಿತು. ಮಾರನೆಯ ಬೆಳಗ್ಗೆ ಎದ್ದವಳೇ ಈ ಮೇಜಿಗೆ ಬಂದು ಕೂತಿದ್ದಳು. ಭಕ್ತಿಯಿಂದಲ್ಲ. ಜಗಳಕ್ಕೆ ಹೋಗುವವಳು ಸೆರಗು ಸಿಕ್ಕಿಸಿಕೊಂಡು ಹೋಗುತ್ತಾಳಲ್ಲ, ಹಾಗೆ. ನನ್ನನ್ನು ಹಾಳುಮಾಡಿಕೊಂಡದ್ದು ನನ್ನ ಖರ್ಚು, ಮಗಳ ತಂಟೆಗೆ ಆ ಒಳಗಿನವಳು ಬರಕೂಡದು, ನೀನೇನು ಮಾಡ್ತೀಯೋ ಮಾಡು ಎಂದು ದೇವರಿಗೆ ಹೇಳಿದ್ದಳು. ಭಾನುವಾರ ಭಾನುವಾರ ಚರ್ಚಿನ ಬೆಂಚಿನ ತುದಿಯಲ್ಲಿ ಕೂತು ಎದ್ದು ಬರುತ್ತಿದ್ದವಳು ದಿನಾ ಈ ಮೇಜಿಗೆ ಬರಲು ಶುರುಮಾಡಿದಳು. ಎಷ್ಟೋ ದಿನ ಪ್ರಾರ್ಥನೆಯೆಂದರೆ ಇಷ್ಟೇ: ಬಂದಿದೀನಿ. ಇಷ್ಟ ಇಲ್ಲ, ನಿದ್ದೆ ಸಾಲದು, ಆದರೂ ಬಂದಿದೀನಿ, ನೋಡ್ಕೊ. ಒಳಗಿನವಳು ನಗುತ್ತಿದ್ದಳು. ನಗಲಿ. ಅವಳು ನಕ್ಕ ಬೆಳಗುಗಳಲ್ಲಿ ಶಿವರಂಜಿನಿ ಬೇಕೆಂದೇ ಇನ್ನೊಂದು ಅಧ್ಯಾಯ ಜಾಸ್ತಿ ಓದುತ್ತಿದ್ದಳು.

ಬೈಬಲಿನ ಇವತ್ತಿನ ಭಾಗ, ಮೊದಲು ಇಳಿದವನಿಗೆ ಗುಣವಾಗುವ ಕೊಳದ ಬದಿಯಲ್ಲಿ ವರ್ಷಾನುಗಟ್ಟಲೆ ಮಲಗಿದ್ದ ರೋಗಿಯದು. ಯೇಸುಸ್ವಾಮಿ ಬಂದು, ನಿನಗೆ ಗುಣವಾಗುವ ಮನಸ್ಸುಂಟೋ ಎಂದು ಕೇಳುತ್ತಾನೆ. ರೋಗಿ ಉಂಟು ಅನ್ನುವುದಿಲ್ಲ. ನನ್ನನ್ನು ನೀರಿಗಿಳಿಸುವವರಿಲ್ಲ, ನಾನು ತೆವಳುವಷ್ಟರಲ್ಲಿ ಬೇರೆಯವನು ಇಳಿದುಬಿಡುತ್ತಾನೆ ಎಂದು ದೂರು ಹೇಳುತ್ತಾನೆ. ಎಷ್ಟೋ ಸಲ ಓದಿದ್ದ ಕಥೆ. ಇವತ್ತು ಅವಳಿಗೆ ತಡೆಯಲಾಗಲಿಲ್ಲ. ‘ಅಯ್ಯೋ ಪುಣ್ಯಾತ್ಮ, ಹೂಂ ಅನ್ನೋ!’ ಎಂದು ಜೋರಾಗಿಯೇ ಗದರಿದಳು.

‘ಯಾರಿಗಮ್ಮಾ ಬೈತಿದೀಯ?’ ಆರಾಧನಾ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ‘ಹಾಲೂ ಇಟ್ಟಿಲ್ಲ.’

‘ಇಡ್ತೀನಿ. ಮೊಣಕಾಲ್ ಜೊತೆ ಮಾತಾಡ್ತಿದ್ದೆ.’

‘ಹೊಸ ದೇವ್ರಾ?’ ಹುಡುಗಿ ಸಿಂಕಿಗೆ ಉಗುಳಿ ಬಂದು ಎದುರು ಕೂತಳು. ಸ್ವಲ್ಪ ಹೊತ್ತು ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. ‘ಅಮ್ಮ, ನಾನಿವತ್ತು ಕ್ವಾಯರಲ್ಲಿ ಮುಂದಿನ ಸಾಲಲ್ಲಿರ್ತೀನಿ. ನಂಗೆ ನೀನು ನೇರ ಕಾಣಿಸ್ತೀಯ. ಎದ್ದು ಗಿದ್ದು ನಿಲ್ಬೇಡ ಆಯ್ತಾ?’

‘ನಿಂಗ್ಯಾರೇ ಹೇಳಿದ್ದು ಅದೆಲ್ಲ?’

‘ಇಡೀ ಚರ್ಚಿಗೇ ಗೊತ್ತಲ್ಲಮ್ಮ. ಯೂತ್ ಗ್ರೂಪಲ್ಲಿ ಬೆಟ್ ಕಟ್ಟಿದಾರೆ.’

‘ಎಷ್ಟಕ್ಕೆ?’

‘ಎಗ್ ಪಫ್‌ಗೆ.’

ನಗು ಬಂತು, ಅದರ ಹಿಂದೆಯೇ ಮುಖಕ್ಕೆ ಬಿಸಿ ಏರಿತು. ಅವಳ ಬಾಳಿನ ಹಳೆಯ ಗಾಯ ಹದಿನೇಳು ವರ್ಷದ ಹುಡುಗರಿಗೆ ಒಂದು ಪಫ್. ನೋಡಿದೆಯಾ, ಎಂದಳು ಒಳಗಿನವಳು, ಅವರ ಮುಂದೆ ಹೋಗಿ ಕೂರ್ತೀಯಾ? ಈಗಲೇ ಅಯ್ಯನವರಿಗೆ ಫೋನ್ ಮಾಡಿ, ಮುಂದಿನ ವಾರಕ್ಕೆ ಹಾಕಿ ಅಂತ ಹೇಳು. ಮುಂದಿನ ವಾರ ಇನ್ನೊಂದು ನೆಪ. ನಿಧಾನವಾಗಿ ಅದೇ ಸತ್ತುಹೋಗುತ್ತೆ. ಶಿವರಂಜಿನಿ ಎದ್ದು ಹಾಲಿಟ್ಟಳು. ಫೋನು ಮೇಜಿನ ಮೇಲೇ ಇತ್ತು. ಹಾಲು ಉಕ್ಕುವವರೆಗೂ ಅದಕ್ಕೆ ಬೆನ್ನು ಮಾಡಿಕೊಂಡೇ ನಿಂತಳು.

ಬೆಳಗಿನ ಹೊತ್ತು ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದು ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಬಸವನಗುಡಿಯ ಅರ್ಧ ಮುದುಕರ ನರ ಎಲ್ಲಿ ಹರಿಯುತ್ತದೆ ಎಂದು ಅವಳ ಬೆರಳಿಗೆ ಗೊತ್ತು. ಭಾನುವಾರ ರಜೆ ಹಾಕಬಹುದಿತ್ತು, ಆದರೆ ಗೋದಮ್ಮ ಬೇರೆ ಯಾರಿಗೂ ಕೈ ಕೊಡುವುದಿಲ್ಲ. ಸ್ಕೂಟರಿನ ಮುಂದೆ ಡಬ್ಬ ಇಟ್ಟುಕೊಂಡು ಗಾಂಧಿ ಬಜಾರು ದಾಟುವಾಗ ಹೂವಿನವರು ಆಗಲೇ ಸೇವಂತಿಗೆ ರಾಶಿಗೆ ನೀರು ಚಿಮುಕಿಸುತ್ತಿದ್ದರು. ಯಾವಳೋ ಒಬ್ಬಳು ಮಾರಿನ ಮಾಲೆ ಅಳೆಯುತ್ತಾ, ಅಳತೆ ಮುಗಿದ ಮೇಲೂ ಒಂದು ಗೇಣು ಜಾಸ್ತಿ ಬಿಟ್ಟು ಕತ್ತರಿಸಿದಳು. ಹಾಗೆ ಜಾಸ್ತಿ ಬಿಡಲು ಯಾರು ಕಲಿಸಿರಬಹುದು? ತಾನಾಗಿದ್ದರೆ ಅಳೆದದ್ದರಲ್ಲೂ ಒಂದು ಗೇಣು ಕಡಿಮೆ ಮಾಡಿ, ಬೈಸಿಕೊಂಡು, ಸಮಾಧಾನಪಡುತ್ತಿದ್ದಳು. ಬೈಸಿಕೊಳ್ಳುವುದರಲ್ಲಿ ಒಂದು ಸುಖವಿದೆ, ತನ್ನ ಜಾಗ ಗೊತ್ತಾದ ಸುಖ. ಅವಳನ್ನು ಮದುವೆಯಾಗಲಿರುವ ಜಯಶೀಲ ಬೈಯುವುದಿಲ್ಲ. ಅದೇ ಅವನ ದೊಡ್ಡ ತೊಂದರೆ. ಶೇಷಾದ್ರಿಪುರದಲ್ಲಿ ಒಂದು ಸಣ್ಣ ಕೋಣೆಯಲ್ಲಿ ಡೆಂಟಿಸ್ಟರಿಗೆ ಹಲ್ಲುಸೆಟ್ಟು ಮಾಡಿಕೊಡುವವನು, ಹೆಂಡತಿ ತೀರಿಕೊಂಡು ಬಹಳ ವರ್ಷವಾದವನು, ಉಗುರಿನ ಸಂದಿಯಲ್ಲಿ ಸದಾ ಗುಲಾಬಿ ಬಣ್ಣದ ಪುಡಿ. ಮೊದಲ ಸಲ ಭೇಟಿಯಾದಾಗ ಅವಳು ಹುಡುಕಿ ಹುಡುಕಿ ತನ್ನ ಕುಂದೆಲ್ಲ ಹೇಳಿ ಮುಗಿಸಿದ್ದಳು. ಅವನು ಕೇಳಿ, ‘ದೋಸೆ ಇನ್ನೊಂದು ಹೇಳ್ಲಾ?’ ಎಂದಿದ್ದ.

ಗೋದಮ್ಮ ಆಗಲೇ ತೋಳು ಚಾಚಿ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಗಂಡ ಶೀನಣ್ಣ ಪೇಪರಿನ ಹಿಂದೆ.

‘ಬೇಗ ಚುಚ್ಚಿ ಮುಗಿಸೇ ತಾಯಿ, ಇವರಿಗೆ ಕಾಫಿ ಇಲ್ದೆ ಬೆಳಗಾಗಲ್ಲ.’

‘ನೀನು ಕುಡಿಯೋ ಹಾಗಿಲ್ಲ ಅಂತ ನಾನೂ ಕುಡೀದೆ ಕೂತಿದೀನಿ,’ ಪೇಪರಿನ ಹಿಂದಿನಿಂದ ಶೀನಣ್ಣ. ‘ಪತ್ನೀವ್ರತ ಅಂದ್ರೆ ಇದು. ಬರ್ಕೊಳ್ಳಮ್ಮ ರಂಜಿನಿ ನಿನ್ನ ರಿಪೋರ್ಟಲ್ಲಿ.’

‘ಡಿಕಾಕ್ಷನ್ ಹಾಕೋಕೆ ಬರಲ್ಲ, ಅದಕ್ಕೆ ವ್ರತ. ನೀನು ಹೇಳೇ, ಮದುವೆ ಎಲ್ಲಿಗೆ ಬಂತು?’

‘ಆಗುತ್ತೋ ಇಲ್ವೋ ಅಮ್ಮ. ನನ್ ಹಣೆಬರಹ ಗೊತ್ತಲ್ಲ.’ ಮಾತು ಅವಳನ್ನು ಕೇಳದೆ ಹೊರಬಿದ್ದಿತ್ತು. ರಬ್ಬರ್ ಪಟ್ಟಿ ಬಿಗಿಯುತ್ತಿದ್ದ ಕೈ ನಿಂತಿತು. ಯಾರು ಆಡಿದ್ದು ಇದನ್ನು? ಕಣ್ಣೆದುರಿಗೇ ಕಳ್ಳಿಯೊಬ್ಬಳು ಮನೆಯೊಳಗಿಂದ ಪಾತ್ರೆ ಹೊತ್ತು ಹೋದ ಹಾಗೆ. ಅವಳು ಪಟ್ಟಿಯನ್ನು ಪೂರ್ತಿ ಬಿಗಿದು ಇನ್ನೊಂದು ಸಲ ಹೇಳಿದಳು: ‘ಇವತ್ತು ಚರ್ಚಲ್ಲಿ ಕೊನೇ ಸಲ ಓದ್ತಾರೆ. ಯಾರಿಗಾದ್ರೂ ಆಕ್ಷೇಪಣೆ ಇದ್ರೆ ಎದ್ದು ಹೇಳಿ ಅಂತ ಕೇಳ್ತಾರೆ. ಯಾರೂ ಹೇಳದಿದ್ರೆ ಮುಗೀತು, ಮುಂದಿನ ಗುರುವಾರ ಮದುವೆ.’

‘ಎಲ್ಲರ ಮುಂದೇನಾ ಕೇಳೋದು? ಅಯ್ಯೋ ರಾಮ! ನಮ್ಮಲ್ಲಿ ಹಾಗೆ ಕೇಳಿದ್ರೆ ಒಂದು ಮದುವೇನೂ ಆಗ್ತಿರಲಿಲ್ಲ. ಅದಕ್ಕೇ ನೋಡು ತಾಳಿ ಕಟ್ಟೋವಾಗ ಗಟ್ಟಿಮೇಳ ಬಾರಿಸೋದು, ಯಾವನು ಏನಂದ್ರೂ ಕೇಳಿಸಬಾರ್ದು ಅಂತ.’

‘ನಾನು ಅಂದೆ,’ ಎಂದರು ಶೀನಣ್ಣ. ‘ಬೇಡ ಅಂತ ಕೂಗ್ದೆ. ಡೋಲಿನವನು ಬಿಡಲಿಲ್ಲ.’

ಗೋದಮ್ಮ ನಗುವಾಗ ತೋಳು ಕುಲುಕಿತು, ಸೂಜಿ ನರ ತಪ್ಪಿತು. ಶಿವರಂಜಿನಿಗೆ ತಪ್ಪುವುದೇ ಇಲ್ಲ, ತಪ್ಪಿತು. ಚರ್ಮದ ಕೆಳಗೆ ನೇರಳೆ ಬಣ್ಣ ಹರಡುವುದನ್ನು ನೋಡುತ್ತಾ ಅವಳು ಸೂಜಿ ಹಿಂದಕ್ಕೆಳೆದಳು. ನೋಡು, ಇದೇ ಸೂಚನೆ. ಗೊತ್ತಿರೋ ಕೆಲಸಾನೇ ಕೈಬಿಟ್ಟಿತು, ಗೊತ್ತಿಲ್ಲದ ಸಂಸಾರ ಏನು ಮಾಡ್ತೀಯ? ಒಳಗಿನವಳಿಗೆ ಸೂಚನೆಗಳೆಂದರೆ ಬಹಳ ಇಷ್ಟ. ಬೆಕ್ಕು ಅಡ್ಡ ಬಂದರೂ, ಲಾರಿ ಅಡ್ಡ ಬಂದರೂ, ಸೂಜಿ ತಪ್ಪಿದರೂ ಅವಳಿಗೆ ದೇವರ ವಾಕ್ಯ. ಶಿವರಂಜಿನಿ ಹತ್ತಿ ಒತ್ತಿ ಹಿಡಿದಳು. ನನ್ನ ದೇವರು ನನ್ನ ಹತ್ತಿರ ಹೀಗೆ ಕದ್ದು ಮಾತಾಡುವವನಲ್ಲ, ಎಂದುಕೊಂಡಳು. ಬೆಳಗ್ಗೆ ಹೋಗಿ ಎದುರಿಗೇ ಕೂತಿದ್ದೆನಲ್ಲ, ಬೇಡ ಅನ್ನುವುದಿದ್ದರೆ ಆಗಲೇ ಹೇಳುತ್ತಿದ್ದ.

‘ಯಾಕೇ ಹತ್ತೀನ ಇಷ್ಟು ಒತ್ತುತಿದೀಯ?’ ಗೋದಮ್ಮ ನಗು ನಿಲ್ಲಿಸಿದ್ದರು. ‘ನಿಂಗೆ ಅವನು ಬೇಡ್ವಾ?’

‘ಬೇಕು.’

‘ಇನ್ನೊಂದ್ಸಲ ಹೇಳು.’

‘ಬೇಕು ಅಮ್ಮ.’

‘ಬೇಕು ಅನ್ನೋದನ್ನ ಇಷ್ಟು ಹೆದರ್ಕೊಂಡು ಹೇಳೋರನ್ನ ನಾನು ನೋಡೇ ಇಲ್ಲ. ಅಂಗಡೀಲಿ ಕದ್ದೋರ ಥರ. ಹಿಡಿ, ಈ ಕೈ ಬಿಡು, ಆ ಕಡೆ ಕೈಗೆ ಚುಚ್ಚು.’

ಆ ಕಡೆ ಕೈ ಕೊಟ್ಟರು. ಮೊದಲನೆಯ ಚುಚ್ಚಿಗೇ ರಕ್ತ ಬಂತು. ಕಪ್ಪಗೆ, ಬೆಚ್ಚಗೆ, ಯಾವ ಸೂಚನೆಯೂ ಇಲ್ಲದೆ ಟ್ಯೂಬಿಗೆ ಇಳಿಯಿತು.

ಸ್ಯಾಂಪಲ್ ಲ್ಯಾಬಿಗೆ ಕೊಟ್ಟು ಹೊರಗೆ ಬಂದು ಸ್ಕೂಟರಿನ ಮೇಲೆ ಕೂತವಳು ಸ್ಟಾರ್ಟ್ ಮಾಡಲಿಲ್ಲ. ಫೋನು ಕೈಗೆ ಬಂದಿತ್ತು. ಅಯ್ಯನವರಿಗಲ್ಲ, ಜಯಶೀಲನಿಗೆ. ತಪ್ಪೇನಿದೆ, ಮದುವೆಯಾಗುವವನ ಜೊತೆ ಮಾತಾಡಿದರೆ ತಪ್ಪೇ? ಒಳಗಿನವಳು ಹೀಗೆ ಸಣ್ಣ ಬಾಗಿಲಿಂದಲೂ ಬರಬಲ್ಲಳು ಎಂದು ಗೊತ್ತಿದ್ದೂ ಬೆರಳು ಒತ್ತಿತು.

‘ಹೇಳಿ ರಂಜಿನಿ. ಇಸ್ತ್ರಿ ಮಾಡ್ತಿದ್ದೆ. ನಮ್ಮ ಚರ್ಚಲ್ಲೂ ಇವತ್ತು ಓದ್ತಾರಲ್ಲ, ಷರ್ಟಾದ್ರೂ ಆಕ್ಷೇಪಣೆ ಬರದ ಹಾಗೆ ಇರ್ಲಿ ಅಂತ.’

‘ನಿಮಗೊಂದು ವಿಷಯ ಹೇಳ್ಬೇಕು. ಆಮೇಲೆ ಗೊತ್ತಾದ್ರೆ ಕಷ್ಟ. ನಾನು ಒಳ್ಳೆಯವಳಲ್ಲ. ಮೊನ್ನೆ ನಿಮ್ಮಕ್ಕನ ಮನೆಗೆ ಹೋಗಿದ್ವಲ್ಲ, ಬಂದು ಆರಾಧನಾ ಹತ್ರ ನಿಮ್ಮಕ್ಕನ ಬಗ್ಗೆ ಕೆಟ್ಟದಾಗಿ ಆಡಿದೆ.’

‘ಏನಂತ?’

‘ಉಪ್ಪಿಟ್ಟಲ್ಲಿ ಉಪ್ಪಿಲ್ಲ, ಬಾಯಲ್ಲಿ ಜಾಸ್ತಿ ಇದೆ ಅಂತ.’

ಆ ಕಡೆಯಿಂದ ನಗು. ‘ನಿಜಾನೇ ಅಲ್ವಾ.’

‘ನಗಬೇಡಿ. ನಾನು ಸೀರಿಯಸ್ಸಾಗಿ ಹೇಳ್ತಿದೀನಿ. ನಿಮಗೆ ನಾನು ಗೊತ್ತಿಲ್ಲ. ಕೆಡಿಸಿಬಿಡ್ತೀನಿ. ನಂಗೆ ಅದೊಂದು ಚೆನ್ನಾಗಿ ಬರುತ್ತೆ.’

ಜಯಶೀಲ ಇಸ್ತ್ರಿಪೆಟ್ಟಿಗೆಯನ್ನು ಎಲ್ಲೋ ಇಟ್ಟ ಸದ್ದು. ‘ಹೊಸ ಹಲ್ಲುಸೆಟ್ಟು ಹಾಕಿಸ್ಕೊಂಡೋರು ಮೊದಲನೇ ವಾರ ಏನು ಮಾಡ್ತಾರೆ ಗೊತ್ತಾ? ಒತ್ತುತ್ತೆ ಅಂತ ತೆಗೆದು ಜೇಬಲ್ಲಿ ಇಟ್ಕೊಳ್ತಾರೆ. ಬೊಚ್ಚುಬಾಯೇ ವಾಸಿ ಅಂತಾರೆ.’

‘ನನ್ನ ಬೊಚ್ಚುಬಾಯಿ ಅಂತೀರಾ?’

‘ಅಯ್ಯೋ ಅಲ್ರೀ, ಹಲ್ಲು ನಾನು. ಒತ್ತೋನು ನಾನು.’ ಅವಳು ನಗಲಿಲ್ಲವೆಂದು ಅವನಿಗೆ ಗೊತ್ತಾಗಿರಬೇಕು, ದನಿ ತಗ್ಗಿಸಿದ. ‘ರಂಜಿನಿ, ನೀವು ಎದ್ದು ನಿಂತ್ರೆ ನಾನು ತಡಿಯೋಕಾಗಲ್ಲ, ಆ ಹೊತ್ತಲ್ಲಿ ನಾನು ಇನ್ನೊಂದು ಚರ್ಚಲ್ಲಿರ್ತೀನಿ. ನಿಲ್ಬೇಡಿ ಅಂತ ಬೇಡಿಕೊಳ್ಳೋದೂ ಇಲ್ಲ. ಒಂದೇ ಒಂದು. ಈ ಸಲ ಸುಳ್ಳು ಹೇಳ್ಬೇಡಿ. ನಿಜವಾದ ಕಾರಣ ಇದ್ರೆ ಅದನ್ನೇ ಹೇಳಿ. ನಾನು ತಡ್ಕೋತೀನಿ.’

ಅವನು ರೇಗಿದ್ದರೆ, ಇಷ್ಟು ದಿನ ಆದ ಮೇಲೆ ಏನ್ರೀ ಇದು ಎಂದು ಕೂಗಿದ್ದರೆ, ಅವಳಿಗೆ ಬೇಕಾದ್ದು ಸಿಕ್ಕುತ್ತಿತ್ತು. ತಡ್ಕೋತೀನಿ ಎಂಬ ಮಾತಿಗೆ ಹಿಡಿದುಕೊಳ್ಳಲು ಎಲ್ಲಿಯೂ ಅಂಚಿರಲಿಲ್ಲ. ಫೋನಿಟ್ಟು ಸ್ಕೂಟರ್ ಒದ್ದಳು. ಅದು ಹೊತ್ತಿಕೊಳ್ಳಲಿಲ್ಲ. ಇದೂ ಸೂಚನೆ ಎಂದು ಒಳಗಿನವಳು ಅನ್ನುವಷ್ಟರಲ್ಲಿ ಶಿವರಂಜಿನಿ ಜೋರಾಗಿ, ದಾರಿಯಲ್ಲಿ ಹೋಗುತ್ತಿದ್ದ ತರಕಾರಿ ಗಾಡಿಯವನು ತಿರುಗಿ ನೋಡುವ ಹಾಗೆ, ‘ಬಾಯ್ಮುಚ್ಚು!’ ಎಂದು ಇನ್ನೊಂದು ಸಲ ಒದ್ದಳು.

ಚರ್ಚಿನಲ್ಲಿ ಅವಳ ತುದಿಯ ಜಾಗ ಖಾಲಿಯಿರಲಿಲ್ಲ. ನಡುವಿನ ಸಾಲಿನಲ್ಲಿ ಒಂದೇ ಒಂದು ಎಡೆ ಇತ್ತು, ವಿಮಲಾ ಟೀಚರ ಪಕ್ಕದಲ್ಲಿ. ಸಭೆಯ ಅರ್ಧ ಮಕ್ಕಳಿಗೆ ಅಕ್ಷರ ಕಲಿಸಿದವರು, ಸ್ತ್ರೀಯರ ಸಂಘಕ್ಕೆ ಎಷ್ಟೋ ವರ್ಷದಿಂದ ಅವರೇ ಕಾರ್ಯದರ್ಶಿ. ಅವರ ತಮ್ಮನನ್ನೇ ಅವಳು ಈ ಛಾವಣಿಯ ಕೆಳಗೆ ಎಲ್ಲರೆದುರು ಬೇಡವೆಂದದ್ದು. ಇಷ್ಟು ವರ್ಷವೂ ಇಬ್ಬರೂ ವಂದನೆ ಹೇಳಿಕೊಂಡಿದ್ದರು, ಅದರಾಚೆ ಒಂದು ಮಾತಾಡಿರಲಿಲ್ಲ. ಟೀಚರ್ ಕೈಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡು ಜಾಗ ಮಾಡಿದರು.

‘ಬಾಮ್ಮ. ತುದೀಲಿ ಕೂತಿದ್ರೆ ಎದ್ದು ಓಡೋಕೆ ಸಲೀಸು ಅಲ್ವಾ? ಇಲ್ಲಿ ಕಾಲು ದಾಟ್ಕೊಂಡು ಹೋಗ್ಬೇಕು.’

‘ವಂದನೆ ಟೀಚರ್.’

‘ನನ್ ತಮ್ಮ ಚೆನ್ನಾಗಿದಾನೆ. ಇಬ್ಬರು ಮಕ್ಕಳು. ಕೇಳಲಿಲ್ಲ ನೀನು, ಆದ್ರೂ ಹೇಳ್ದೆ.’ ಟೀಚರ್ ಮುಂದೆ ನೋಡುತ್ತಲೇ ಇದ್ದರು. ‘ಆ ವರ್ಷವೆಲ್ಲ ಅವನು ಕನ್ನಡಿ ಮುಂದೆ ನಿಂತು ನನ್ನಲ್ಲೇನಕ್ಕ ತಪ್ಪು ಅಂತ ಕೇಳ್ತಿದ್ದ. ನಂಗೂ ಗೊತ್ತಾಗಲಿಲ್ಲ. ಈ ಸಲಾನಾದ್ರೂ ಪೂರ್ತಿ ಓದಿಸ್ಕೊ. ಪಾಪ ಆ ಹಲ್ಲಿನವನು.’

ಶಿವರಂಜಿನಿ, ನಾನು ನನ್ನನ್ನು ಮಾತ್ರ ಹಾಳುಮಾಡಿಕೊಂಡೆ, ನನ್ನ ಖರ್ಚು ಎಂದುಕೊಂಡಿದ್ದಳಲ್ಲ. ಒಬ್ಬ ಗಂಡಸು ಒಂದು ವರ್ಷ ಕನ್ನಡಿ ಮುಂದೆ ನಿಂತಿದ್ದ. ಮೊದಲ ಸಂಗೀತ ಮುಗಿಯಿತು, ಪಾಪ ನಿವೇದನೆಯಾಯಿತು, ಪಾಠ ಓದಿದರು. ಯಾವುದೂ ಅವಳನ್ನು ಮುಟ್ಟದೆ ಮೇಲಿನ ಉದ್ದ ಕಡ್ಡಿಯ ಫ್ಯಾನುಗಳಲ್ಲಿ ಸಿಕ್ಕಿ ತಿರುಗಿತು. ಎದುರಿಗೆ ಬಿಳಿ ದುಪಟ್ಟಾದ ಸಾಲಿನಲ್ಲಿ ಆರಾಧನಾ. ಹುಡುಗಿಯ ಕಣ್ಣು ಹಾಡಿನ ಪುಸ್ತಕದ ಮೇಲಿರಲಿಲ್ಲ. ಕುಣಿಯುವ ಮಗುವನ್ನು ಮೆಟ್ಟಿಲ ಮೇಲೆ ಬಿಟ್ಟ ತಾಯಿ ನೋಡುವ ಹಾಗೆ ಅವಳು ಅಮ್ಮನನ್ನು ನೋಡುತ್ತಿದ್ದಳು. ಯಾರು ಯಾರಿಗೆ ತಾಯಿ ಇಲ್ಲಿ? ಅಪ್ಪ ಕೂರುತ್ತಿದ್ದ ಜಾಗದಲ್ಲಿ ಈಗ ಕೀಬೋರ್ಡು ಇದೆ. ಅವಳು ಹಿಂದೆ ಎದ್ದು ನಿಂತ ಆ ದಿನ ಅಪ್ಪ ಮುಂದಿನ ಹಾಡನ್ನು ಒಂದು ಸ್ವರ ಕೆಳಗೆ ನುಡಿಸಿದ್ದ, ಸಭೆಯೆಲ್ಲ ಹಾಡಲಾರದೆ ಗೊಗ್ಗರು ದನಿಯಲ್ಲಿ ಒದ್ದಾಡಿತ್ತು.

ಅಯ್ಯನವರು ಹಾಳೆ ತೆಗೆದರು. ಅವಳಿಗಿಂತ ಚಿಕ್ಕವರು, ಈ ಸಭೆಗೆ ವರ್ಗವಾಗಿ ಬಂದು ವರ್ಷವಾಗಿಲ್ಲ. ಸ್ತ್ರೀಯರ ಸಂಘದ ಕೂಟ, ಹಿರಿಯರ ಆರೋಗ್ಯ ತಪಾಸಣೆ, ಗೋಡೆಗೆ ಸುಣ್ಣ. ಆಮೇಲೆ ದನಿ ಸ್ವಲ್ಪ ಏರಿತು. ಶಿವರಂಜಿನಿ ಗ್ರೇಸ್ ಎಂಬ ಈ ಸಭೆಯ ಸದಸ್ಯರಿಗೂ, ಜಯಶೀಲ ಸ್ಯಾಮ್ಯುಯೆಲ್ ಎಂಬವರಿಗೂ ಪರಿಶುದ್ಧ ವಿವಾಹ ನಡೆಯತಕ್ಕದ್ದಿದೆ. ಇದು ಮೂರನೆಯ ಪ್ರಕಟಣೆ. ಇವರು ಒಂದಾಗುವುದಕ್ಕೆ ನ್ಯಾಯವಾದ ಅಡ್ಡಿ ಏನಾದರೂ ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ಈಗ ಹೇಳಬೇಕು. ಅಯ್ಯನವರು ಕನ್ನಡಕದ ಮೇಲಿನಿಂದ ನೋಡಿದರು.

ಯಾರೂ ಕೆಮ್ಮಲಿಲ್ಲ. ಇಡೀ ಚರ್ಚು ಅವಳ ಹಿಂದಲೆಯ ಮೇಲೆ ಕಣ್ಣಿಟ್ಟು ಕೂತಿತ್ತು, ಅದರ ಭಾರ ಕತ್ತಿನ ಎಲುಬಿಗೆ ತಾಗುತ್ತಿತ್ತು. ಒಳಗಿನವಳು ಅವಸರ ಮಾಡಲಿಲ್ಲ. ಮೆಲ್ಲಗೆ, ಏಳು ಕಂದ, ಎಂದಳು. ಹಾಗೆಂದದ್ದೇ ಮೊಣಕಾಲು, ಬೆಳಗಿನಿಂದ ಬುದ್ಧಿ ಹೇಳಿಸಿಕೊಂಡಿದ್ದ ಅದೇ ಮೊಣಕಾಲು, ನೇರವಾಯಿತು. ಶಿವರಂಜಿನಿ ಎದ್ದು ನಿಂತಿದ್ದಳು.

ಹಿಂದೆ ಯಾರೋ ‘ಅಯ್ಯೋ ಕರ್ತನೇ’ ಎಂದರು. ಕೊನೆಯ ಬೆಂಚಿನ ಹುಡುಗರಲ್ಲಿ ಒಂದು ಕಿಸಕ್ ನಗು ಹುಟ್ಟಿ ಅಲ್ಲೇ ಸತ್ತಿತು. ಆರಾಧನಾ ಕಣ್ಣು ಮುಚ್ಚಿಕೊಂಡಳು. ಅಯ್ಯನವರ ಕೈಯಲ್ಲಿ ಹಾಳೆ ಅರ್ಧ ಮಡಿಸಿದಂತೆ ನಿಂತಿತ್ತು.

‘ಅಮ್ಮ...’ ಅವರು ಮೈಕಿನಿಂದ ಮುಖ ತಿರುಗಿಸಿದರು. ‘ಏನಾದ್ರೂ ಇದ್ರೆ ಆರಾಧನೆ ಮುಗಿದ ಮೇಲೆ ಪಕ್ಕದ ಕೋಣೇಲಿ ಮಾತಾಡೋಣ.’

‘ಬೇಡ ಅಯ್ಯನವರೇ. ಇಲ್ಲೇ ಹೇಳ್ತೀನಿ.’

ಆ ಕೋಣೆ ಗೊತ್ತಿತ್ತು ಅವಳಿಗೆ. ಅಲ್ಲಿಗೆ ಹೋದರೆ ಸುಳ್ಳೇ ಬರುತ್ತದೆ. ಹೇಳಬೇಕು, ನಿಂತದ್ದಾಯಿತು, ಹೇಳಲೇಬೇಕು. ನಿಜವಾದ ಕಾರಣ ಇದ್ದರೆ ಅದನ್ನೇ ಹೇಳಿ ಎಂದಿದ್ದ ಅವನು. ಅವಳು ಹುಡುಕಿದಳು. ಒಳಗಿನವಳು ಓಡಿಯಾಡಿ ಒಂದೊಂದೇ ತಂದು ಕೈಗಿಟ್ಟಳು. ನಿನಗೆ ವಯಸ್ಸಾಯಿತು. ಅವನಿಗೂ ಆಗಿದೆ. ನಿನ್ನ ಬಾಯಿ ಕೆಟ್ಟದ್ದು. ಅವನಿಗೆ ಗೊತ್ತು, ನಗುತ್ತಾನೆ. ಸತ್ತವನ ಹೆಂಡತಿ ನೀನು. ಸತ್ತವನನ್ನು ನಾನೇ ತೊಳೆದು ಮಣ್ಣು ಮಾಡಿದ್ದೇನೆ. ನಿನಗೆ ಯೋಗ್ಯತೆ ಇಲ್ಲ. ಅದು ಹೊಸ ಸುದ್ದಿಯೇ? ದೇವರು ಯೋಗ್ಯತೆ ಕೇಳಿಯೇ ಕೊಡುವವನಾಗಿದ್ದರೆ ಅವನ ಮುಂದೆ ದಿನಾ ಬೆಳಗ್ಗೆ ಆ ನೈಟಿಯಲ್ಲಿ, ಆ ಕೆದರಿದ ತಲೆಯಲ್ಲಿ ಹೋಗಿ ಕೂರುತ್ತಿದ್ದೆನೇ ನಾನು? ಹೊರಗೆ ದಬ್ಬಲಿಲ್ಲವಲ್ಲ ಒಂದು ದಿನವೂ. ಇನ್ನೇನಿದೆ, ತಾ. ಒಳಗಿನವಳು ಬರಿಗೈಯಲ್ಲಿ ನಿಂತಿದ್ದಳು. ಮೊದಲ ಸಲ ಅವಳ ಮುಖ ಕಂಡಿತು. ಎಂಥಾ ಹೆದರಿದ ಮುಖ, ಮಗುವಿನಂಥದು. ಅಷ್ಟೇನಾ ನೀನು? ಇದಕ್ಕಾ ನಾನು ಇಷ್ಟು ವರ್ಷ ಹೆದರಿದ್ದು?

‘ಇಲ್ಲ,’ ಎಂದಳು ಶಿವರಂಜಿನಿ.

‘ಏನಿಲ್ಲಮ್ಮ?’

‘ಆಕ್ಷೇಪಣೆ ಇಲ್ಲ ಅಯ್ಯನವರೇ. ಹುಡುಕ್ದೆ. ಸಿಗಲಿಲ್ಲ.’

ಅಯ್ಯನವರ ಪುಸ್ತಕದಲ್ಲಿ ಇದಕ್ಕೆ ಉತ್ತರ ಬರೆದಿರಲಿಲ್ಲ. ‘ಆಕ್ಷೇಪಣೆ ಇರೋರು ಮಾತ್ರ ಅಮ್ಮ ಎದ್ದು ನಿಲ್ಲೋದು. ಇಲ್ಲ ಅಂದ್ರೆ ಕೂತಿದ್ರೆ ಸಾಕು.’

‘ಗೊತ್ತು. ಹೋದ ಸಲ ಇಲ್ಲೇ ನಿಂತು, ಒಳ್ಳೇ ಮನುಷ್ಯನಿಗೆ ಅವಮಾನ ಮಾಡಿ, ಆಮೇಲೆ ಆ ಕೋಣೇಲಿ ಸುಳ್ಳು ಹೇಳಿದ್ದೆ. ಅವರಲ್ಲಿ ತಪ್ಪೇನೂ ಇರಲಿಲ್ಲ. ಆ ಮಾತು ಇಲ್ಲೇ ಎಲ್ಲೋ ಉಳ್ಕೊಂಡಿತ್ತು, ಅದಕ್ಕೆ ನಿಂತ್ಕೊಂಡೇ ಹೇಳ್ತಿದೀನಿ.’ ದನಿ ನಡುಗಿತು. ನಡುಗಲಿ, ಅದೂ ಕೇಳಿಸಲಿ ಎಂದುಕೊಂಡಳು. ‘ನಂಗೆ ಈ ಮದುವೆ ಬೇಕು. ನೀವು ಮಡಿಸಿ ಅಯ್ಯನವರೇ. ನೀವು ಮಡಿಸೋವರ್ಗೂ ನಾನು ಕೂರಲ್ಲ. ಮೊದಲೇ ಕೂತ್ರೆ ಇನ್ನೊಂದು ನೆಪ ಬರುತ್ತೆ.’

ಅಯ್ಯನವರು ಕೆಳಗೆ ನೋಡಿ, ಹಾಳೆಯನ್ನು ಅಂಚಿಗೆ ಅಂಚು ಸೇರಿಸಿ, ಹೆಬ್ಬೆರಳಿನಿಂದ ಗೆರೆ ತೀಡಿ ಮಡಿಸಿದರು. ಮಡಿಸುವ ಸದ್ದು ಮೈಕಿನಲ್ಲಿ ಕೇಳಿಸಿತು. ಅವರು ನಗಬಾರದೆಂದು ಕೆಳತುಟಿ ಕಚ್ಚಿಕೊಂಡಿದ್ದರು. ಮುಂದಿನ ಸಂಗೀತದ ಸಂಖ್ಯೆ ಹೇಳಿ, ‘ಎದ್ದು ಹಾಡೋಣ’ ಎಂದರು.

ಕೀಬೋರ್ಡು ಶುರುವಾಯಿತು. ಬೆಂಚುಗಳು ಕಿರುಗುಟ್ಟಿದವು, ಮುಂದೆ, ಹಿಂದೆ, ಕೊನೆಯ ಸಾಲಿನ ಹುಡುಗರು, ಸಭೆಯಿಡೀ ಎದ್ದಿತು. ಅವಳು ಆಗಲೇ ನಿಂತಿದ್ದಳು. ಎದುರಿಗೆ ಆರಾಧನಾ ಹಾಡಲು ಬಾಯಿ ತೆರೆದು, ನಗು ಬಂದು, ಮೊದಲ ಸಾಲನ್ನು ತಪ್ಪಿಸಿ ಎರಡನೆಯದಕ್ಕೆ ಸೇರಿಕೊಂಡಳು. ಪಕ್ಕದಲ್ಲಿ ವಿಮಲಾ ಟೀಚರ್ ಇನ್ನೂ ಕೂತೇ ಇದ್ದರು. ಕೈಚೀಲವನ್ನು ಕೆಳಗಿಟ್ಟು, ಮುಂದಿನ ಬೆಂಚಿನ ಹಲಗೆ ಹಿಡಿದು ಏಳಲು ನೋಡಿದರು, ಆಗಲಿಲ್ಲ. ಆಮೇಲೆ ಹಲಗೆಯನ್ನು ಬಿಟ್ಟು, ಮುಖ ನೋಡದೆ, ಶಿವರಂಜಿನಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, ತಮ್ಮ ಭಾರವನ್ನೆಲ್ಲ ಅದರ ಮೇಲೆ ಹಾಕಿ ಎದ್ದು ನಿಂತರು.